ನಾಗರಹೊಳೆ ಮತ್ತು ಅರಬಿತಿಟ್ಟು: ಪರೀಕ್ಷಾ ಟಿಪ್ಪಣಿ

ಹುಣಸೂರು, ಎಚ್.ಡಿ. ಕೋಟೆ, ಪಿರಿಯಾಪಟ್ಟಣದ ಅಂಚಿನಿಂದ ಕೊಡಗಿನವರೆಗೆ ಹಬ್ಬಿದ ಕಾಡು ನಾಗರಹೊಳೆ. 1955ರಲ್ಲಿ ಅಭಯಾರಣ್ಯ, ನಂತರ ರಾಷ್ಟ್ರೀಯ ಉದ್ಯಾನ, ಹುಲಿ ಸಂರಕ್ಷಿತ ಪ್ರದೇಶ. ಈ ಮೂರನ್ನೂ ಒಂದೇ ಎಂದು ಬರೆಯುವವರೇ ಹೆಚ್ಚು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅಭಯಾರಣ್ಯಕ್ಕೆ 18ನೇ ಕಲಂ, ರಾಷ್ಟ್ರೀಯ ಉದ್ಯಾನಕ್ಕೆ 35, ಹುಲಿ ಸಂರಕ್ಷಿತ ಪ್ರದೇಶಕ್ಕೆ 38ವಿ.

ಹುಲಿ, ಚಿರತೆ, ಸೀಳುನಾಯಿ ಮೂರೂ ಇಲ್ಲಿ ಒಟ್ಟಿಗೆ ಬದುಕಲು ಕಾರಣ ಕಾಟಿ, ಕಡವೆ, ಜಿಂಕೆಗಳ ಸಮೃದ್ಧಿ. ಕ್ಯಾಮೆರಾ ಬಲೆಯಿಂದ, ಮೈಪಟ್ಟೆ ಗುರುತಿಸಿ ಹುಲಿ ಎಣಿಸುವ ವಿಧಾನವನ್ನು ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ಬೆಳೆಸಿದ್ದು ಈ ಕಾಡಿನಲ್ಲೇ. ನಾಗರಹೊಳೆ, ಬಂಡೀಪುರಗಳ ನಡುವೆ ಕಬಿನಿ ಜಲಾಶಯ. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ಚಿಗುರುವ ಹುಲ್ಲಿಗೆ ಆನೆಗಳು ಹಿಂಡುಹಿಂಡಾಗಿ ಬರುತ್ತವೆ.

ಆನೆ ಹಿಡಿಯುವ ಖೆಡ್ಡಾಕ್ಕೆ ಹೆಸರಾದ ಕಾಕನಕೋಟೆ ಎಚ್.ಡಿ. ಕೋಟೆಯದೇ, ಕೊನೆಯ ಖೆಡ್ಡಾ 1971ರಲ್ಲಿ. ಅದೇ ತಾಲ್ಲೂಕಿನ ಬಳ್ಳೆ ಶಿಬಿರದ ಆನೆ ಅರ್ಜುನ ಮೈಸೂರು ದಸರೆಯಲ್ಲಿ ಎಂಟು ಬಾರಿ ಅಂಬಾರಿ ಹೊತ್ತವನು. 2023ರ ಡಿಸೆಂಬರ್‌ನಲ್ಲಿ ಹಾಸನ ಜಿಲ್ಲೆಯ ಕಾರ್ಯಾಚರಣೆಯಲ್ಲಿ ಕಾಡಾನೆಯೊಡನೆ ಕಾದಾಡಿ ಸತ್ತ.

ಅಭ್ಯರ್ಥಿಗಳು ಮರೆಯುವ ಹೆಸರು ಅರಬಿತಿಟ್ಟು: ಹುಣಸೂರು ತಾಲ್ಲೂಕಿನ ಪುಟ್ಟ ಅಭಯಾರಣ್ಯ, ವಿಸ್ತೀರ್ಣ ಸುಮಾರು 13.5 ಚದರ ಕಿ.ಮೀ.