ಶೆಡ್ಡು ಶುರುವಾಗುವ ಮುಂಚೆ

ಶಾಲೆಯ ಹಿಂದಿರುವ ಹಳೇ ಸೈಕಲ್ ಶೆಡ್ಡನ್ನು ರಿಪೇರಿ ಮಾಡಿಸಿ ಮಕ್ಕಳಿಗೆ ವರ್ಕ್‌ಶಾಪ್ ಶುರು ಮಾಡ್ತೀನಿ ಅಂದೆಯಲ್ಲಮ್ಮಾ, ಕೇಳಿ ಸಂತೋಷವಾಯಿತು. ಪಿಸಿಎಂ ಟೀಚರಾಗಿ ಶಿಡ್ಲಘಟ್ಟದ ಕಡೆ ಪೋಸ್ಟಿಂಗ್ ಸಿಕ್ಕವರು ಮೊದಲು ವಿಚಾರಿಸುವುದು ಬೆಂಗಳೂರಿನ ಬಸ್ಸಿನ ಟೈಮು. ನೀನು ಶೆಡ್ಡಿನ ಬೀಗದ ಕೈ ವಿಚಾರಿಸಿದ್ದೀಯ. ಆದರೆ ನೀನು ಕಳಿಸಿದ ಸಾಮಾನಿನ ಪಟ್ಟಿ ನೋಡಿ ದೊಡ್ಡಪ್ಪನಿಗೆ ಕಸಿವಿಸಿಯಾಯಿತು. ಮೊದಲ ಸಾಲಿಗೇ ತ್ರೀ-ಡಿ ಪ್ರಿಂಟರ್, ಆಮೇಲೆ ಲೇಸರ್ ಕಟರ್, ಆಮೇಲೆ ರೋಬೋಟ್ ಕಿಟ್ಟು. ಅರ ಇಲ್ಲ, ಸುತ್ತಿಗೆ ಇಲ್ಲ, ಬೆಂಚ್ ವೈಸ್ ಇಲ್ಲ. ಬೆಂಗಳೂರಿನ ಟೂಲ್‌ರೂಮಿನಲ್ಲಿ ಆಯಸ್ಸು ಸವೆಸಿ ಈಗ ಚಿಂತಾಮಣಿಯಲ್ಲಿ ಕೂತಿರುವ ನನ್ನಂಥವನಿಗೆ ಹೊಟ್ಟೆಯಲ್ಲಿ ಕಿವುಚಿದಂತಾಗದೆ ಇರುತ್ತದೆಯೇ?

ಯಂತ್ರ ಬೇಡ ಅನ್ನುವ ಮುದುಕ ನಾನಲ್ಲ. ನೀತಿ ಆಯೋಗ 2016ರಲ್ಲಿ ಶುರು ಮಾಡಿದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಲ್ಲಿ ಆಯ್ಕೆಯಾದ ಶಾಲೆಗೆ 20 ಲಕ್ಷ ರೂಪಾಯಿವರೆಗೂ ನೆರವಿದೆ. ಇನ್ನೂ 50,000 ಸರ್ಕಾರಿ ಶಾಲೆಗಳಿಗೆ ಇಂಥ ಲ್ಯಾಬ್ ಕೊಡುವುದಾಗಿ 2025ರ ಬಜೆಟ್ಟಿನಲ್ಲಿ ಹೇಳಿದ್ದಾರೆ. ಅರ್ಜಿ ಖಂಡಿತ ಹಾಕು. ಆದರೆ ಯಂತ್ರ ಬಂದ ಮೇಲೆ ಅದನ್ನು ಓಡಿಸುವ ಕೈಗಳು ಆ ಹೊತ್ತಿಗೆ ತಯಾರಿರಬೇಕು. ಇಲ್ಲದಿದ್ದರೆ ಏನಾಗುತ್ತದೆ ಅಂತ ನಿನಗೂ ಗೊತ್ತು: ಕೆಟ್ಟರೆ ಆಡಿಟ್ಟಿನವರು ಕೇಳುತ್ತಾರೆ ಅನ್ನುವ ಭಯಕ್ಕೆ ಯಂತ್ರ ಬೀರು ಸೇರುತ್ತದೆ, ಬೀರುವಿನ ಕೀಲಿ ಹೆಡ್‌ಮಾಸ್ಟರ ಡ್ರಾಯರ್ ಸೇರುತ್ತದೆ, ಇನ್‌ಸ್ಪೆಕ್ಷನ್ ದಿನ ಮಾತ್ರ ಅದರ ಧೂಳು ಒರೆಸುತ್ತಾರೆ.

ಹಾಗಾದರೆ ಎಲ್ಲಿಂದ ಶುರು ಮಾಡಬೇಕು? ಕೆಲಸ ಒಪ್ಪಿಸುವ ಗಿರಾಕಿಯಿಂದ. ಶೆಡ್ಡಿನಲ್ಲಿ ತಯಾರಾಗುವ ವಸ್ತುವಿಗಾಗಿ ಊರಲ್ಲಿ ಯಾರಾದರೂ ಒಬ್ಬರು ಕಾಯುತ್ತಿರಬೇಕು. ಅದು ಕಾಲು ಮುರಿದ ಶಾಲೆಯ ಬೆಂಚಾಗಲಿ, ಬಿಸಿಯೂಟದ ಅಡುಗೆಮನೆಯ ಪಾತ್ರೆ ಸ್ಟ್ಯಾಂಡಾಗಲಿ, ಯಾರದೋ ರೇಷ್ಮೆಹುಳು ಮನೆಯ ಕಿಟಕಿಯಾಗಲಿ. ಕಾಯುವವರಿಲ್ಲದೆ ಮಾಡಿದ್ದು ವಿಜ್ಞಾನ ಮೇಳದ ಮಾಡೆಲ್ಲಾಗುತ್ತದೆ. ಥರ್ಮೋಕೋಲು, ಬಣ್ಣದ ಹಾಳೆ, ಒಂದು ಬಹುಮಾನ, ಮಾರನೇ ದಿನ ಕಸದ ಬುಟ್ಟಿ.

ಇದು ನನ್ನ ತಲೆಯಿಂದ ಹುಟ್ಟಿದ್ದಲ್ಲ. ಪುಣೆ ಜಿಲ್ಲೆಯ ಪಾಬಳ ಅನ್ನುವ ಒಣ ಹಳ್ಳಿಯಲ್ಲಿ ಡಾ. ಶ್ರೀನಾಥ ಕಲಬಾಗ್ ಎಂಬ ವಿಜ್ಞಾನಿ 1983ರಲ್ಲಿ ವಿಜ್ಞಾನ ಆಶ್ರಮ ಕಟ್ಟಿದರು. ದೊಡ್ಡ ಕಂಪನಿಯ ಸಂಶೋಧನಾ ವಿಭಾಗದ ಕೆಲಸ ಬಿಟ್ಟು ಬಂದ ಮನುಷ್ಯ. ಹೈಸ್ಕೂಲು ಮಕ್ಕಳಿಗೆ ವಾರದಲ್ಲಿ ಒಂದು ದಿನ ಪೂರ್ತಿ ಕೈಕೆಲಸ: ಎಂಜಿನಿಯರಿಂಗ್, ಇಂಧನ ಮತ್ತು ಪರಿಸರ, ಮನೆ ಮತ್ತು ಆರೋಗ್ಯ, ಬೇಸಾಯ ಮತ್ತು ಪಶುಪಾಲನೆ. ಹೇಳಿಕೊಡುವವರು ಅಲ್ಲಿಯ ಸುತ್ತಮುತ್ತ ಅದೇ ಕಸುಬಿನಲ್ಲಿ ಅನ್ನ ತಿನ್ನುವವರು. ಮಕ್ಕಳು ಮಾಡಿದ್ದನ್ನು ಊರವರು ಬಳಸುತ್ತಾರೆ. ಮಹಾರಾಷ್ಟ್ರದ ಎಸ್‌ಎಸ್‌ಸಿ ಬೋರ್ಡು ಆ ಪಾಠಕ್ರಮವನ್ನು ಒಪ್ಪಿಕೊಂಡಿತು. ಅಮೆರಿಕದ ಎಂಐಟಿಯವರು ತಮ್ಮ ಮೊದಮೊದಲ ಫ್ಯಾಬ್ ಲ್ಯಾಬುಗಳಲ್ಲಿ ಒಂದನ್ನು 2002ರಲ್ಲಿ ಅದೇ ಪಾಬಳದಲ್ಲಿ ಇಟ್ಟರು. ಇಸವಿಗಳನ್ನು ಗಮನಿಸು. ಕಂಪ್ಯೂಟರ್ ನಡೆಸುವ ಯಂತ್ರ ಬರುವ ಹೊತ್ತಿಗೆ ಅಲ್ಲಿ ಹತ್ತೊಂಬತ್ತು ವರ್ಷದ ಕೈಕೆಲಸ ನಡೆದಿತ್ತು.

ಶಿಡ್ಲಘಟ್ಟದಲ್ಲಿ ಗಿರಾಕಿಗೆ ಬರವೇ? ನಿನ್ನ ಮಕ್ಕಳಲ್ಲಿ ಅರ್ಧಕ್ಕರ್ಧ ರೇಷ್ಮೆಹುಳು ಸಾಕುವ ಮನೆಯವರಿರುತ್ತಾರೆ, ಉಳಿದವರಲ್ಲಿ ನೂಲು ಬಿಚ್ಚುವ ಮನೆಯವರು. ದೊಡ್ಡ ಹುಳುವಿನ ಕೋಣೆಯಲ್ಲಿ ಉಷ್ಣಾಂಶ 24ರಿಂದ 25 ಡಿಗ್ರಿ, ತೇವಾಂಶ ಶೇ. 70ರ ಆಸುಪಾಸು ಇರಬೇಕು ಅಂತ ಆ ತಾಯಂದಿರಿಗೆ ಗೊತ್ತು. ಅಳೆಯುವ ಸಾಧನ ಎಲ್ಲರ ಮನೆಯಲ್ಲೂ ಇರುವುದಿಲ್ಲ. ಅದನ್ನು ಮಕ್ಕಳೇ ಮಾಡಲಿ. ಎರಡು ಥರ್ಮಾಮೀಟರ್ ತಗೋ. ಒಂದರ ಬುಡಕ್ಕೆ ತೆಳು ಹತ್ತಿಬಟ್ಟೆ ಸುತ್ತಿ, ಬಟ್ಟೆಯ ತುದಿ ಪುಟ್ಟ ನೀರಿನ ಬಾಟಲಿಯಲ್ಲಿ ಮುಳುಗಿರಲಿ. ಒಣಗಿದ್ದು 25 ತೋರಿಸಿ ಒದ್ದೆಯದು 21 ತೋರಿಸಿದರೆ ತೇವಾಂಶ ಹೆಚ್ಚುಕಡಿಮೆ ಶೇ. 70. ಮರದ ಪಟ್ಟಿ ಕತ್ತರಿಸುವುದು, ತಗಡಿನ ಕ್ಲಿಪ್ಪು ಬಗ್ಗಿಸುವುದು, ಕೋಷ್ಟಕ ಬರೆದು ಅಂಟಿಸುವುದು, ಆವಿಯಾಗುವಾಗ ತಂಪೇಕೆ ಆಗುತ್ತದೆ ಅನ್ನುವ ಪಾಠ, ಎಲ್ಲ ಒಂದೇ ಕೆಲಸದಲ್ಲಿ ಮುಗಿಯಿತು. ಮುಂದಿನ ವರ್ಷ ಅದಕ್ಕೇ ಸೆನ್ಸರು, ಬಜರು ಜೋಡಿಸಲಿ. ಸೆನ್ಸರು ಸುಳ್ಳು ಹೇಳುತ್ತಿದೆಯೇ ಅಂತ ಪರೀಕ್ಷಿಸಲು ಅವರೇ ಮಾಡಿದ ಹಳೇ ಸಾಧನ ಗೋಡೆಯ ಮೇಲಿರುತ್ತದೆ.

ಇನ್ನು ನೂಲು. 9000 ಮೀಟರ್ ನೂಲು ಎಷ್ಟು ಗ್ರಾಂ ತೂಗುತ್ತದೋ ಅಷ್ಟು ಡೆನಿಯರ್. 21 ಡೆನಿಯರ್ ನೂಲಾದರೆ 450 ಮೀಟರಿಗೆ 1.05 ಗ್ರಾಂ. ಇಷ್ಟು ತಿಳಿದರೆ ಸಾಕು, ಸುತ್ತಳತೆ ಖಚಿತವಾಗಿ ಗೊತ್ತಿರುವ ಒಂದು ಕೈರಾಟೆ, ಸುತ್ತು ಎಣಿಸುವ ಒಂದು ಕೌಂಟರ್ ಮಕ್ಕಳೇ ಮಾಡಬಹುದು. ಮಾಡಿ ಯಾರಾದರೂ ರೀಲರ್ ಹತ್ತಿರ ತಗೊಂಡು ಹೋಗಿ ತೋರಿಸಲಿ. ಅವರು ನಕ್ಕರೆ ಏಕೆ ನಕ್ಕರು ಅಂತ ಕೇಳಿಕೊಂಡು ಬರಲಿ. ಆ ನಗುವಿನಲ್ಲಿ ನಾಲ್ಕು ಪಾಠವಿರುತ್ತದೆ.

ಆದರೆ ಒಂದು ಗೆರೆ ಎಳೆದುಕೋ. ನೂಲು ಬಿಚ್ಚುವ ಘಟಕಗಳಲ್ಲಿ ಬಿಸಿನೀರಿನ ಬೇಸಿನ್ ಮುಂದೆ ಮಕ್ಕಳನ್ನು ಕೂರಿಸಿ ದುಡಿಸಿದ ಕಾಲವನ್ನು ಈ ನಾಡು ಕಂಡಿದೆ. ಶೆಡ್ಡಿಗೆ ಬಂದ ಮಗು ಕಲಿಯಲು ಬಂದದ್ದು. ಒಂದೇ ಥರದ ಇಪ್ಪತ್ತು ಕ್ಲಿಪ್ಪು ಮಾಡಿಸಿ ಯಾರಿಗೋ ಮಾರಿದರೆ ಅದು ಪುಕ್ಕಟೆ ಕೂಲಿ. ಮೊದಲನೆಯದರಲ್ಲಿ ಕಲಿತಾಯಿತು, ಎರಡನೆಯದರಲ್ಲಿ ತಪ್ಪು ತಿದ್ದಿಕೊಂಡಾಯಿತು. ಮೂರನೆಯದು ಬೇರೆ ಕೆಲಸವಾಗಿರಲಿ. ಬೆಳಿಗ್ಗೆ ಮನೆಯಲ್ಲಿ ಸೊಪ್ಪು ಕೊಯ್ದು, ಹುಳುವಿಗೆ ಹಾಕಿ ಬಂದ ಹುಡುಗನಿಗೆ ದುಡಿಮೆಯ ಗೌರವದ ಬಗ್ಗೆ ಭಾಷಣ ಕೊಡಬೇಡ. ಅವನಿಗೆ ಅಳತೆ ಕೊಡು.

ಅಳತೆಗೆ ನಾನು ಇವತ್ತಿಗೂ ನಂಬುವ ಮೊದಲ ಪಾಠ ಒಂದೇ. ಎರಡಿಂಚಿನ ಕಬ್ಬಿಣದ ಪಟ್ಟಿಯ ತುಂಡು ವೈಸಿನಲ್ಲಿ ಕಚ್ಚಿಸಿ, ಅಂಚನ್ನು ಅರದಿಂದ ಮಟ್ಟ ಮಾಡು ಅನ್ನು. ಅರದ ಹಲ್ಲಿಗೆ ಮೊದಲು ಸೀಮೆಸುಣ್ಣ ತಿಕ್ಕಬೇಕು, ಆಗ ಕಬ್ಬಿಣದ ಪುಡಿ ಕಚ್ಚಿಕೊಳ್ಳುವುದಿಲ್ಲ. ಸೀಮೆಸುಣ್ಣ ಒಂದು ನಮ್ಮ ಸರ್ಕಾರಿ ಶಾಲೆಯಲ್ಲಿ ಧಾರಾಳವಾಗಿದೆ, ಪುಣ್ಯ. ಹೊಸ ಕೈ ಅರ ತಳ್ಳುವಾಗ ತೂಗಾಡುತ್ತದೆ, ಹಾಗಾಗಿ ಎರಡು ತುದಿ ಇಳಿದು ನಡುವೆ ಉಬ್ಬು ಉಳಿಯುತ್ತದೆ. ಮಗು ಮಾತ್ರ ಮಟ್ಟವಾಯಿತು ಮಿಸ್ ಅನ್ನುತ್ತದೆ. ನೀನು ಹೌದೂ ಅನ್ನಬೇಡ, ಇಲ್ಲಾ ಅನ್ನಬೇಡ. ಮೂಲೆಮಟ್ಟ ಕೈಗೆ ಕೊಟ್ಟು ಅಂಚಿಗೆ ಒತ್ತಿಸಿ ಕಿಟಕಿಯ ಕಡೆ ಹಿಡಿಸು. ಬೆಳಕು ನುಸುಳಿದ ಕಡೆ ತಗ್ಗು. ಮಗು ತಾನೇ ನೋಡಿ ತಾನೇ ವಾಪಸ್ ವೈಸಿನ ಹತ್ತಿರ ಹೋಗುತ್ತದೆ. ಮಾರ್ಕ್ಸ್ ಕೊಡುವವರ ಮುಖ ನೋಡಿ ಅಭ್ಯಾಸವಾದ ಮಕ್ಕಳಿಗೆ ಇದು ಹೊಸದು. ಈ ಒಂದು ತುಂಡಿಗೆ ಮೂರು ವಾರ ಹಿಡಿದರೂ ಹಿಡಿಯಲಿ, ಅವಸರ ಮಾಡಬೇಡ.

ಗುರುಗಳನ್ನು ಪೇಟೆಯಲ್ಲಿ ಹುಡುಕು. ಬೋರ್‌ವೆಲ್ ಸಾವಿರ ಅಡಿ ದಾಟಿರುವ ಈ ಸೀಮೆಯಲ್ಲಿ ಮೋಟಾರ್ ವೈಂಡಿಂಗ್ ಅಂಗಡಿಯಿಲ್ಲದ ಪೇಟೆ ಇಲ್ಲ. ಸುಟ್ಟ ಮೋಟಾರು ಬಿಚ್ಚಿ, ತಂತಿಯ ಗೇಜು ನೋಡಿ, ಸುತ್ತು ಎಣಿಸಿ, ಮತ್ತೆ ಸುತ್ತುವ ಆ ಮನುಷ್ಯ ನಿನ್ನ ವಿದ್ಯುತ್ಕಾಂತೀಯ ಪ್ರೇರಣೆಯ ಅಧ್ಯಾಯವನ್ನು ದಿನಾ ಕೈಯಲ್ಲಿ ಮಾಡುತ್ತಿದ್ದಾನೆ. ಟ್ರೈಲರ್ ಕಟ್ಟುವ ವೆಲ್ಡರು, ಸೈಕಲ್ ಶಾಪಿನವರು, ಬಡಗಿ, ಎಲ್ಲರನ್ನೂ ಕರೆ. ಕರೆದಾಗ ಕುರ್ಚಿ ಹಾಕಿ ಕೂರಿಸು, ಮಕ್ಕಳಿಂದ ಸರ್ ಅನ್ನಿಸು, ಆ ಅರ್ಧ ದಿನದ ಸಂಪಾದನೆ ತುಂಬಿಕೊಡುವ ದಾರಿ ನೋಡು. ನಿನ್ನ ಮಕ್ಕಳ ಮನೆಯಲ್ಲಿ ತೆಲುಗೋ ಉರ್ದುವೋ ಇರುತ್ತದೆ, ಪಾಠ ಕನ್ನಡದಲ್ಲಿ, ಸ್ಕ್ರೂಡ್ರೈವರು ಇಂಗ್ಲಿಷಿನಲ್ಲಿ. ಶೆಡ್ಡಿನಲ್ಲಿ ಅದರ ಗೊಡವೆ ಬೇಡ. ತರಗತಿಯಲ್ಲಿ ಬಾಯಿ ಬಿಡದ ಮಗು ಅಲ್ಲಿ ಮೂರು ಭಾಷೆಯಲ್ಲೂ ಜಗಳವಾಡುವುದನ್ನು ನೀನೇ ನೋಡುತ್ತೀಯ.

ಹೆಣ್ಣುಮಕ್ಕಳಿಗೆ ಪೇಂಟಿಂಗು, ಗಂಡುಮಕ್ಕಳಿಗೆ ಡ್ರಿಲ್ಲಿಂಗು ಅಂತ ಹಂಚಿದೆಯೋ, ನಾನು ಶಾಲೆಗೇ ಬಂದು ಜಗಳ ತೆಗೀತೀನಿ.

ಸುರಕ್ಷತೆಯಲ್ಲಿ ಮಾತ್ರ ನೀನು ಕಠಿಣಳಾಗಿರು. ಮೊದಲ ವರ್ಷ ವೆಲ್ಡಿಂಗ್ ಹಿಡಿಯುವುದು ದೊಡ್ಡವರು, ಮಕ್ಕಳು ಅಳೆದು, ಕತ್ತರಿಸಿ, ಜೋಡಿಸಿ ಕೊಡಲಿ. ವೆಲ್ಡಿಂಗ್ ಬೆಳಕನ್ನು ಬರಿಗಣ್ಣಿಂದ ನೋಡಿದವರಿಗೆ ರಾತ್ರಿ ಕಣ್ಣಿಗೆ ಮರಳು ಬಿದ್ದಂತೆ ಉರಿಯುತ್ತದೆ, ಅದಕ್ಕೇ ಪರದೆ ಕಟ್ಟಿಸು. ಡ್ರಿಲ್ಲಿಂಗ್ ಮೆಷಿನ್ ಹತ್ತಿರ ದುಪಟ್ಟಾ, ಬಿಟ್ಟ ಜಡೆ, ಬಳೆ ಕೂಡದು. ಕೈಗವಸೂ ಕೂಡದು, ಡ್ರಿಲ್ ಬಿಟ್ ಗವಸನ್ನು ಸುತ್ತಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ. ಅರ್ಥಿಂಗ್ ಸರಿಮಾಡಿಸಿ ಕರೆಂಟ್ ಸೋರಿದೊಡನೆ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಿಸದೆ ಒಂದು ಪ್ಲಗ್ಗನ್ನೂ ಚುಚ್ಚಬೇಡ. ಗಾರ್ಡ್ ಬಿಚ್ಚಿದ ಗ್ರೈಂಡರ್ ಯಾರಾದರೂ ದಾನ ಕೊಟ್ಟರೆ ಕೈಮುಗಿದು ಗುಜರಿಗೆ ಹಾಕು.

ಸೆಪ್ಟೆಂಬರ್ 15ಕ್ಕೆ ಎಲ್ಲ ಶಾಲೆಗಳಲ್ಲೂ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ ಹಾಕುತ್ತಾರೆ. ಮುದ್ದೇನಹಳ್ಳಿಯಲ್ಲಿ ಹುಟ್ಟಿ ಚಿಕ್ಕಬಳ್ಳಾಪುರದಲ್ಲಿ ಅಕ್ಷರ ಕಲಿತವರು, ನಮ್ಮವರು. ಕನ್ನಂಬಾಡಿ ಕಟ್ಟಿದ ಕಥೆ ಮಕ್ಕಳಿಗೆ ಬಾಯಿಪಾಠ. ನೀನು ಇನ್ನೊಂದು ಹೇಳು: ಭದ್ರಾವತಿ ಕಬ್ಬಿಣದ ಕಾರ್ಖಾನೆಯನ್ನು ದಡ ಸೇರಿಸಿದ್ದಕ್ಕೆ ತಮಗೆ ಸಲ್ಲಬೇಕಾಗಿದ್ದ ಹಣವನ್ನು ಅವರು ಮುಟ್ಟದೆ, ಕಸುಬು ಕಲಿಸುವ ಸಂಸ್ಥೆಗೆ ಬಳಸಿ ಅಂದರು. 1943ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್, ಈಗಿನ ಎಸ್‌ಜೆ ಪಾಲಿಟೆಕ್ನಿಕ್, ಅದೇ. ಹೆಸರು ಕೂಡ ತಮ್ಮದಿಡಗೊಡಲಿಲ್ಲ.

ಗೌರಿಬಿದನೂರಿನ ಕಡೆಯ ಶಾಲೆಯವರು ನಿನ್ನ ಜೊತೆ ಸೇರಿದರೆ ಅವರಿಗೆ ಬೇರೆ ಗಿರಾಕಿ ಇದೆ: ಆಕಾಶ. ಖಗೋಳ ಭೌತವಿಜ್ಞಾನ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಸೇರಿ 1970ರ ದಶಕದಲ್ಲಿ ಅಲ್ಲಿ ಬಯಲಿನಲ್ಲಿ ಟಿ ಆಕಾರಕ್ಕೆ 1000 ಡೈಪೋಲ್ ನೆಟ್ಟು ರೇಡಿಯೋ ದೂರದರ್ಶಕ ಕಟ್ಟಿದವು. ಕೆಲಸ 34.5 ಮೆಗಾಹರ್ಟ್ಸಿನಲ್ಲಿ, ತರಂಗದ ಉದ್ದ ಎಷ್ಟು ಅಂತ ಒಂಬತ್ತನೇ ಕ್ಲಾಸಿನ ಮಗು ಭಾಗಾಕಾರ ಮಾಡಿ ಹೇಳಬಲ್ಲದು, 8.7 ಮೀಟರ್. ಕಂಬ, ತಂತಿ, ಅಳತೆ, ಬೆಸುಗೆ. ಅದೇ ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿದ ಎಚ್. ನರಸಿಂಹಯ್ಯನವರು ಪ್ರಶ್ನೆ ಕೇಳುವುದನ್ನೇ ಜೀವನವಿಡೀ ಕಲಿಸಿದವರು. ಒಂದು ಸಣ್ಣ ಆಂಟೆನಾ ಮಾಡಿ ಅದೇಕೆ ಕೇಳಿಸುತ್ತಿಲ್ಲ ಅಂತ ತಲೆ ಕೆಡಿಸಿಕೊಳ್ಳುವ ಮಕ್ಕಳನ್ನು ಕಂಡಿದ್ದರೆ ಮೇಷ್ಟ್ರು ಹಿಗ್ಗುತ್ತಿದ್ದರು.

ತಂದೆತಾಯಿ ಬಂದು, ಸುತ್ತಿಗೆ ಹಿಡಿಯೋಕೆ ಸ್ಕೂಲ್ ಯಾಕೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಆ ಕಷ್ಟದಿಂದ ಮಗು ಪಾರಾಗಲಿ ಅಂತಲೇ ಅವರು ಕಳಿಸಿರುವುದು. ಎಸ್‌ಎಸ್‌ಎಲ್‌ಸಿ ಆದ ಮೇಲೆ ಡಿಪ್ಲೊಮಾ, ಅಲ್ಲಿಂದ ನೇರ ಎರಡನೇ ವರ್ಷದ ಬಿಇಗೆ ದಾರಿಯಿದೆ ಅಂತ ಹಾಳೆಯ ಮೇಲೆ ಬರೆದು ತೋರಿಸು. ದೇವನಹಳ್ಳಿ ಕಡೆ ಫೋನ್ ಜೋಡಿಸುವ ಕಾರ್ಖಾನೆ ಬಂದಿದೆ ನಿಜ, ಆದರೆ ಬೆಲ್ಟಿನ ಮುಂದೆ ನಿಲ್ಲುವ ಕೆಲಸ ಬೇರೆ, ಆ ಬೆಲ್ಟು ಕೆಟ್ಟಾಗ ಕರೆಸಿಕೊಳ್ಳುವ ಕೆಲಸ ಬೇರೆ ಅನ್ನು. ಹೆಡ್‌ಮಾಸ್ಟರಿಗೆ ಬೇರೆ ಮಾತು: ಹತ್ತನೇ ಕ್ಲಾಸನ್ನು ಮುಟ್ಟುವುದಿಲ್ಲ, ಎಂಟು ಮತ್ತು ಒಂಬತ್ತು ಮಾತ್ರ, ರೂಪಣಾತ್ಮಕ ಮೌಲ್ಯಮಾಪನದ ಚಟುವಟಿಕೆ ಅಂಕಕ್ಕೆ ಶೆಡ್ಡಿನ ಕೆಲಸವನ್ನೇ ತೋರಿಸುತ್ತೇವೆ ಅನ್ನು. ಒಪ್ಪುತ್ತಾರೆ.

ಒಂದಲ್ಲ ಒಂದು ವರ್ಷ ಕೌನ್ಸೆಲಿಂಗಿನಲ್ಲಿ ನಿನಗೂ ವರ್ಗಾವಣೆ ಆಗುತ್ತದೆ. ಆದ್ದರಿಂದ ಶೆಡ್ಡಿನ ಕೀಲಿ ಇನ್ನೊಬ್ಬ ಟೀಚರ ಹತ್ತಿರವೂ ಇರಲಿ, ಸ್ಟಾಕ್ ರಿಜಿಸ್ಟರ್ ಒಂಬತ್ತನೇ ಕ್ಲಾಸಿನ ಮಕ್ಕಳು ಬರೆಯಲಿ, ಎಸ್‌ಡಿಎಂಸಿಯವರು ತಿಂಗಳಿಗೊಮ್ಮೆ ರುಜು ಹಾಕಲಿ. ಮುರಿದ ಬ್ಲೇಡಿಗೂ ಒಂದು ಕಾಲಂ ಇರಲಿ. ಹ್ಯಾಕ್ಸಾ ಬ್ಲೇಡು ಮುರಿಯುವುದಕ್ಕೇ ಇರುವುದು, ಅದಕ್ಕೆ ಮಕ್ಕಳನ್ನು ಬೈಯಬೇಡ.

ಬೆಂಚು ಮಾಡಿಸುವ ಮುಂಚೆ ಒಂದು ಕೆಲಸವಿದೆ. ವೈಸಿನ ಬಾಯಿ ನಿಂತವರ ಮೊಣಕೈ ಮಟ್ಟಕ್ಕೆ ಬರಬೇಕು. ರೆಡಿಮೇಡ್ ಬೆಂಚು ದೊಡ್ಡವರ ಅಳತೆಯದು, ಎಂಟನೇ ಕ್ಲಾಸಿನ ಮಗು ಅದರ ಮುಂದೆ ಭುಜ ಎತ್ತಿಕೊಂಡು ನಿಲ್ಲಬೇಕಾಗುತ್ತದೆ. ಈ ಸೋಮವಾರ ಟೇಪು ಕೊಟ್ಟು ಎಲ್ಲ ಮಕ್ಕಳ ಮೊಣಕೈ ಎತ್ತರ ಅವರವರ ಕೈಯಲ್ಲೇ ಅಳೆಸಿ, ಪಟ್ಟಿ ಮಾಡಿಸಿ, ಸರಾಸರಿ ತೆಗೆಸಿ ನನಗೆ ಕಳಿಸು. ನಾಲ್ಕಿಂಚಿನ ವೈಸ್ ನನ್ನ ಹತ್ತಿರ ಒಂದಿದೆ, ಆಂಗಲ್ಲು ಗುಜರಿಯಲ್ಲಿ ನೋಡಿಟ್ಟಿದ್ದೇನೆ. ಅಳತೆ ಬಂದ ಮೇಲೆ ಕತ್ತರಿಸುತ್ತೇನೆ.