‘ಒನ್-ಸೈಡೆಡ್’: ಎಲ್ಲಿ ಸರಿ, ಎಲ್ಲಿ ತಪ್ಪು

ಏಕಪಕ್ಷೀಯ ಎನ್ನಲು ಇಂಗ್ಲಿಷಿನಲ್ಲಿ ಬಳಸುವ ‘ಒನ್-ಸೈಡೆಡ್’ ಗುಣವಾಚಕ ನಾಮಪದದ ಹಿಂದೆಯೂ ಬರುತ್ತದೆ, ಕ್ರಿಯಾಪದದ ನಂತರವೂ ಬರುತ್ತದೆ. ರಂಗಂಪೇಟೆಯ ಕಬಡ್ಡಿ ಪಂದ್ಯದಲ್ಲಿ ಒಂದೇ ತಂಡ ಮೇಲುಗೈ ಸಾಧಿಸಿದರೆ ‘ಇಟ್ ವಾಸ್ ಎ ಒನ್-ಸೈಡೆಡ್ ಮ್ಯಾಚ್’ ಎನ್ನಬಹುದು. ‘ದಿ ಮ್ಯಾಚ್ ವಾಸ್ ಒನ್-ಸೈಡೆಡ್’ ಎಂದರೂ ಸರಿ. ಪದ ‘ಓ’ ಅಕ್ಷರದಿಂದ ಶುರುವಾದರೂ ಉಚ್ಚಾರ ‘ವ’ಕಾರದ್ದು, ಹಾಗಾಗಿ ಹಿಂದೆ ‘ಎ’ ಬರಬೇಕು, ‘ಆನ್’ ಅಲ್ಲ. ಬರೆಯುವಾಗ ನಡುವಿನ ಹೈಫನ್ ಬಿಡಬಾರದು.

ನಮ್ಮಲ್ಲಿ ಹೆಚ್ಚು ಎಡವುವುದು ಕೊನೆಯ ‘ಎಡ್’ ಬಿಡುವುದರಲ್ಲಿ. ‘ಒನ್ ಸೈಡ್ ಲವ್’ ಕನ್ನಡದ ಮಾತಿನಲ್ಲಿ ಚೆನ್ನಾಗಿಯೇ ಇದೆ. ಪರೀಕ್ಷೆಯ ಉತ್ತರದಲ್ಲಿ ಮಾತ್ರ ‘ಒನ್-ಸೈಡೆಡ್ ಲವ್’ ಎಂದೇ ಬರೆಯಬೇಕು.

ವರದಿ, ವಾದ, ಚರಿತ್ರೆಗಳಿಗೂ ಈ ಪದ ಹೊಂದುತ್ತದೆ. ಸುರಪುರದಲ್ಲಿ ಬ್ರಿಟಿಷ್ ಅಧಿಕಾರಿಯಾಗಿದ್ದ ಮೆಡೋಸ್ ಟೇಲರನ ಆತ್ಮಕಥೆ 1877ರಲ್ಲಿ ಪ್ರಕಟವಾಯಿತು. ಸುರಪುರ ಸಂಸ್ಥಾನದ ಕಥೆಯನ್ನು ಅದು ಅಧಿಕಾರಿಯ ಕಣ್ಣಿನಿಂದಲೇ ಹೇಳುತ್ತದೆ. ಅಲ್ಲಿನ ದೊರೆ ರಾಜಾ ವೆಂಕಟಪ್ಪ ನಾಯಕರ ಕಡೆಯ ಮಾತು ಅದರಲ್ಲಿ ಸಾಲದು ಎನ್ನುವವರು ‘ದಿ ಅಕೌಂಟ್ ಈಸ್ ಒನ್-ಸೈಡೆಡ್’ ಎಂದು ಬರೆಯಬಹುದು. ಆದರೆ ಪಕ್ಷಪಾತ ವ್ಯಕ್ತಿಯದ್ದಾದರೆ ‘ಬಯಾಸ್ಡ್’ ಹೆಚ್ಚು ಸಹಜ. ‘ಹಿ ಈಸ್ ಬಯಾಸ್’ ಎಂಬುದು ತಪ್ಪು.

ಎಲ್ಲ ಕಡೆಯೂ ‘ಒನ್-ಸೈಡೆಡ್’ ಹೊಂದದು. ಇನ್ನೊಬ್ಬರನ್ನು ಕೇಳದೆ ತೆಗೆದುಕೊಂಡ ನಿರ್ಧಾರ ‘ಯುನಿಲ್ಯಾಟರಲ್’. ಪ್ರತಿವಾದಿ ಹಾಜರಾಗದೆ ಹೊರಬಿದ್ದ ಕೋರ್ಟಿನ ಆದೇಶ ‘ಎಕ್ಸ್ ಪಾರ್ಟಿ’. ಏಕಮುಖ ರಸ್ತೆಗೆ ‘ಒನ್-ವೇ’ ಸಾಕು.