ಹೂಳು, ಕಲ್ಲು, ನೀರು: ಇದನ್ನು ಓದಲು ಎಲ್ಲಿಗೆ ಹೋಗಲಿ?

ಪ್ರಶ್ನೆ: ಈ ವರ್ಷ ವಿಜ್ಞಾನದಲ್ಲಿ ದ್ವಿತೀಯ ಪಿಯುಸಿ ಮುಗಿಸಿದ್ದೇನೆ. ಚಿಕ್ಕಂದಿನಿಂದ ಚಿತ್ರ ಬರೆಯುತ್ತೇನೆ, ಆದರೆ ಗುಡ್ಡ, ನದಿಯನ್ನು ಹಾಳೆಯ ಮೇಲೆ ಇಳಿಸಿದಷ್ಟಕ್ಕೇ ಈಗ ಸಮಾಧಾನವಾಗುತ್ತಿಲ್ಲ. ಬೇಸಿಗೆಯಲ್ಲಿ ತುಂಗಭದ್ರಾ ಹಿನ್ನೀರು ಸರಿದಾಗ ಒಣಗಿ ಬಿರಿದ ಹೂಳಿನ ಹೆಂಟೆಗಳನ್ನು ಉದ್ದಕ್ಕೆ ಜೋಡಿಸಿ ಫೋಟೊ ತೆಗೆದೆ. ಇದಕ್ಕೆ ಪರಿಸರ ಕಲೆ ಎನ್ನುತ್ತಾರೆಂದು ಆಮೇಲೆ ತಿಳಿಯಿತು. ಅದನ್ನೇ ಓದುವ ಆಸೆ. ಅಪ್ಪ ನೀರಾವರಿ ಇಲಾಖೆಯಲ್ಲಿದ್ದಾರೆ. "ಊರಾಗ ತೋಟಗಾರಿಕೆ ಕಾಲೇಜು ಐತಿ, ಸೇರ್ಕೊ. ಮಣ್ಣು ಜೋಡ್ಸಾಕ ಯಾರು ಪಗಾರ ಕೊಡ್ತಾರ?" ಅಂತಾರೆ. ನನ್ನ ಹತ್ತಿರ ಉತ್ತರವಿಲ್ಲ.
– ಹೆಸರು ಬೇಡ, ಮುನಿರಾಬಾದ್

ಉತ್ತರ: ಅಪ್ಪನ ಪ್ರಶ್ನೆ ನ್ಯಾಯವಾದದ್ದು, ಅದನ್ನು ದಾಟಿ ಹೋಗಬೇಡಿ. ಪರಿಸರ ಕಲೆ ಎಂಬ ಹೆಸರಿನ ನೌಕರಿ ಎಲ್ಲಿಯೂ ಇಲ್ಲ. ಈ ದಾರಿ ಹಿಡಿದವರು ಪಾಠ ಹೇಳುತ್ತಾರೆ, ಸಿನಿಮಾ, ನಾಟಕಗಳಿಗೆ ಕಲಾ ಕೆಲಸ ಮಾಡುತ್ತಾರೆ, ವಿನ್ಯಾಸ ಮಾಡುತ್ತಾರೆ, ಜೊತೆಯಲ್ಲಿ ತಮ್ಮ ಕೆಲಸ ಬೆಳೆಸುತ್ತಾರೆ. ಇದನ್ನು ಅಪ್ಪನಿಗೆ ನೀವೇ ಮೊದಲು ಹೇಳಿ. ಕಷ್ಟ ಗೊತ್ತಿದ್ದೇ ಮಗಳು ಕೇಳುತ್ತಿದ್ದಾಳೆ ಎಂದು ಅವರಿಗೆ ಅನ್ನಿಸಬೇಕು.

ಹೂಳಿನ ಗೆರೆ ಹುಡುಗಾಟವಲ್ಲ. ಅಮೆರಿಕದ ಕಲಾವಿದ ರಾಬರ್ಟ್ ಸ್ಮಿತ್‌ಸನ್ 1970ರಲ್ಲಿ ಉಟಾದ ಉಪ್ಪಿನ ಸರೋವರದೊಳಗೆ ಕಪ್ಪು ಕಲ್ಲು, ಮಣ್ಣು ಹಾಕಿ ಸುಮಾರು 1500 ಅಡಿ ಉದ್ದದ ಸುರುಳಿ ಕಟ್ಟಿದ. ಕೆಲವೇ ವರ್ಷಗಳಲ್ಲಿ ನೀರೇರಿ ಅದು ಮುಳುಗಿತು. ಬರ ಬಿದ್ದು 2002ರ ಹೊತ್ತಿಗೆ ಮತ್ತೆ ಎದ್ದಿತು. ಜಲಾಶಯದ ಮಟ್ಟ ನೋಡುತ್ತಾ ಬೆಳೆದ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1982ರಲ್ಲಿ ಕಲಾವಿದೆ ಆಗ್ನೆಸ್ ಡೆನೆಸ್ ನ್ಯೂಯಾರ್ಕಿನ ವಾಲ್ ಸ್ಟ್ರೀಟ್ ಪಕ್ಕ, ಮಣ್ಣು ತುಂಬಿ ಎತ್ತರಿಸಿದ್ದ ಎರಡು ಎಕರೆಯಲ್ಲಿ ಗೋಧಿ ಬಿತ್ತಿ ಕೊಯ್ದಳು. ನಮ್ಮವರೇ ಆದ, ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ 1990ರ ದಶಕದಲ್ಲಿ ಬಣ್ಣ ಬಿಟ್ಟು ಸಗಣಿಯನ್ನೇ ಕೈಗೆತ್ತಿಕೊಂಡರು. ಬೆಂಗಳೂರಿನ ರಸ್ತೆಗುಂಡಿಯಲ್ಲಿ ಮೊಸಳೆ ಕೂರಿಸಿದ ಬಾದಲ್ ನಂಜುಂಡಸ್ವಾಮಿ ಅವರ ಕೆಲಸ ನೀವೂ ನೋಡಿರಬಹುದು.

ಇವರೆಲ್ಲ ತಾವು ನಿಂತ ಜಾಗವನ್ನು ಬಲ್ಲವರು. ನಿಮ್ಮ ಓದು ಅಲ್ಲಿಂದಲೇ ಶುರುವಾಗಲಿ, ಅದಕ್ಕೆ ಪ್ರವೇಶಪತ್ರ ಬೇಕಿಲ್ಲ. ನೀವು ಜೋಡಿಸಿದ ಹೆಂಟೆ ಎಲ್ಲಿಂದ ಬಂತು? 1953ರಲ್ಲಿ ನೀರು ನಿಲ್ಲಿಸಿದಾಗ ಸುಮಾರು 133 ಟಿಎಂಸಿ ಅಡಿ ಹಿಡಿಯುತ್ತಿದ್ದ ತುಂಗಭದ್ರಾ ಈಗ ಹಿಡಿಯುವುದು 105ರ ಆಸುಪಾಸು. ಉಳಿದ ಜಾಗ ಹೂಳಿನ ಪಾಲಾಗಿದೆ. ನಿಮ್ಮ ಕೈಯಲ್ಲಿದ್ದದ್ದು ಮೇಲಿನ ಹೊಲ, ಕಾಡುಗಳಿಂದ ಹರಿದುಬಂದ ಮಣ್ಣು. ಅದರ ಕೆಳಗೆ ಮುಳುಗಿದ ಹಳ್ಳಿಗಳಿವೆ; ಅಲ್ಲಿಂದ ಎದ್ದುಬಂದವರ ಮನೆಗಳಲ್ಲಿ ನೆನಪುಗಳಿವೆ. ಜಲಾಶಯದ ಪೂರ್ಣ ಮಟ್ಟ 1633 ಅಡಿ ಎಂದರೇನು, ಎಡದಂಡೆ ಕಾಲುವೆಗೆ ನೀರು ಬಿಡುವ ದಿನವನ್ನು ಹೇಗೆ ನಿಶ್ಚಯಿಸುತ್ತಾರೆ, 2024ರ ಆಗಸ್ಟ್‌ನಲ್ಲಿ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದ ರಾತ್ರಿ ಇಲಾಖೆಯವರು ಏನು ಮಾಡಿದರು – ಇವನ್ನು ಅಪ್ಪನ ಎದುರು ಕುಳಿತು ಕೇಳಿ, ಬರೆದುಕೊಳ್ಳಿ. ನಿಮ್ಮ ಮೊದಲ ಗುರು ಅವರೇ ಆಗಬಹುದು. ಮಗಳು ಓದಬೇಕೆಂದಿರುವುದು ತಾನು ಜೀವಮಾನವಿಡೀ ಕಾದ ನೀರನ್ನೇ ಎಂದು ಅವರಿಗೆ ಆಗ ತಿಳಿಯುತ್ತದೆ.

ಇನ್ನೊಂದು ಅಭ್ಯಾಸ ಹೇಳುತ್ತೇನೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಎಂಬ ಅಧಿಕಾರಿ ಹಂಪಿಯ ಫೋಟೊ ತೆಗೆದಿದ್ದ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳನ್ನು ಹುಡುಕಿ, ಅದೇ ಕೋನದಿಂದ ಮತ್ತೆ ಚಿತ್ರ ತೆಗೆದರು. ಎರಡನ್ನೂ ಪಕ್ಕಪಕ್ಕ ಇಟ್ಟರೆ ಬಿದ್ದದ್ದು, ಬೆಳೆದದ್ದು, ಎತ್ತಿ ನಿಲ್ಲಿಸಿದ್ದು ಕಣ್ಣಿಗೆ ಕಾಣುತ್ತವೆ. ನೀವೂ ದಂಡೆಯ ಒಂದು ಜಾಗ ಗೊತ್ತುಮಾಡಿಕೊಂಡು, ಅಲ್ಲಿಂದಲೇ ವಾರಕ್ಕೊಮ್ಮೆ ಒಂದು ಫೋಟೊ, ಒಂದು ರೇಖಾಚಿತ್ರ ಮಾಡಿ. ಪಕ್ಕದಲ್ಲಿ ಆ ದಿನದ ನೀರಿನ ಮಟ್ಟ ಬರೆಯಿರಿ. ಅಣೆಕಟ್ಟೆಯ ನಿರ್ಬಂಧಿತ ಪ್ರದೇಶಕ್ಕೆ ಮಾತ್ರ ಕ್ಯಾಮೆರಾ ಒಯ್ಯಬೇಡಿ, ಕೆಸರಿರುವ ಕಡೆ ಒಬ್ಬರೇ ಇಳಿಯಬೇಡಿ.

ಎಚ್ಚರಿಕೆಯ ಮಾತೊಂದಿದೆ, ಇದರಲ್ಲಿ ನನಗೆ ರಾಜಿಯಿಲ್ಲ. ಗಂಗಾವತಿ ಬಳಿಯ ಹಿರೇಬೆಣಕಲ್ ಗುಡ್ಡದ ಶಿಲಾಸಮಾಧಿಗಳನ್ನು ಹೋಗಿ ನೋಡಲೇಬೇಕು. ಬಯಲನ್ನೇ ಕೃತಿಯಾಗಿಸುವುದು ನಮ್ಮ ಸೀಮೆಗೆ ಎಷ್ಟು ಹಳೆಯದೆಂಬುದು ಅಲ್ಲಿ ನಿಂತರೆ ಗೊತ್ತಾಗುತ್ತದೆ. ಆದರೆ ಅಲ್ಲಿ ಒಂದು ಕಲ್ಲನ್ನೂ ಕದಲಿಸಬೇಡಿ. ಮುದ್ಲಾಪುರದಿಂದ ಕಂಪ್ಲಿವರೆಗಿನ ನದಿ ನೀರುನಾಯಿಗಳ ಸಂರಕ್ಷಿತ ತಾಣ, ಅಲ್ಲಿಯೂ ಹಾಗೆಯೇ. ಜಾಗಕ್ಕೆ ಗಾಯ ಮಾಡುವ ಕೆಲಸವನ್ನು ಪರಿಸರ ಕಲೆ ಎಂದು ಕರೆಯಲು ನನಗೆ ಮನಸ್ಸು ಬರುವುದಿಲ್ಲ.

ಈಗ ಕಾಲೇಜು. ನಿಮಗೆ ಬೇಕಾದದ್ದು ನಾಲ್ಕು ವರ್ಷದ ದೃಶ್ಯಕಲಾ ಪದವಿ, ಬಿ.ವಿ.ಎ. ಮೈಸೂರಿನ ಚಾಮರಾಜೇಂದ್ರ ಸರ್ಕಾರಿ ದೃಶ್ಯಕಲಾ ಕಾಲೇಜು, ಅಂದರೆ ಕಾವಾ, ಮತ್ತು ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಕಾಲೇಜು ಎರಡಕ್ಕೂ ಅರ್ಜಿ ಹಾಕಿ. ಪರಿಸರ ಕಲೆ ಎಂಬ ಪ್ರತ್ಯೇಕ ವಿಭಾಗವನ್ನು ಹುಡುಕುತ್ತಾ ಕೂರಬೇಡಿ. ಆಯ್ಕೆ ಸಿಕ್ಕರೆ ಚಿತ್ರಕಲೆಗಿಂತ ಶಿಲ್ಪಕಲೆ ತೆಗೆದುಕೊಳ್ಳಿ ಎನ್ನುತ್ತೇನೆ. ಭಾರ ಎಲ್ಲಿ ನಿಲ್ಲುತ್ತದೆ, ಮಣ್ಣು ಯಾವಾಗ ಬಿರಿಯುತ್ತದೆ ಎಂಬುದು ಕೈಗೆ ಬರುವುದು ಅಲ್ಲಿ. ಅಷ್ಟರೊಳಗೆ ಕಿನ್ನಾಳಕ್ಕೆ ಹೋಗಿಬನ್ನಿ. ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿ 'ಕಿಟ್ಟ' ಮಾಡುವ ಚಿತ್ರಗಾರರಿಂದ ವಸ್ತುವಿನ ಗುಣ ಕಲಿಯಬಹುದು.

ತೋಟಗಾರಿಕೆ ಶತ್ರುವಲ್ಲ. ಮಣ್ಣು, ನೀರು, ಬೀಜ ಓದಿದವರಿಗೆ ಈ ಕಲೆಯಲ್ಲಿ ಜಾಗವಿದೆ. ಯಮುನೆಯ ಮೇಲೆ ಕೆಲಸ ಮಾಡಿದ ದೆಹಲಿಯ ರವಿ ಅಗರ್‌ವಾಲ್ ಓದಿದ್ದು ಎಂಜಿನಿಯರಿಂಗ್. ಆದರೂ ಎರಡೂ ಕಡೆ ಸೀಟು ಸಿಕ್ಕರೆ ಬಿ.ವಿ.ಎ. ಹಿಡಿಯಿರಿ. ಮುಂದೆ ಎಂ.ವಿ.ಎ.ಗೆ, ಕಾಲೇಜಿನಲ್ಲಿ ಪಾಠ ಹೇಳುವ ಕೆಲಸಕ್ಕೆ ಸಾಮಾನ್ಯವಾಗಿ ಅದೇ ಮೆಟ್ಟಿಲು. ತೋಟಗಾರಿಕೆಯೊಂದೇ ಸಿಕ್ಕರೆ ಸೇರಿ, ದಂಡೆಯ ವಾರವಾರದ ದಾಖಲೆ ಮಾತ್ರ ನಿಲ್ಲಿಸಬೇಡಿ.

ಅರ್ಜಿಗೆ ಮೊದಲು ಸಂವಿಧಾನದ 371(ಜೆ) ವಿಧಿಯ ಅರ್ಹತಾ ಪ್ರಮಾಣಪತ್ರ ಮಾಡಿಸಿಟ್ಟುಕೊಳ್ಳಿ. ಕಲ್ಯಾಣ ಕರ್ನಾಟಕದವರಿಗೆ ನಮ್ಮ ಭಾಗದ ಸಂಸ್ಥೆಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8 ಸೀಟು ಮೀಸಲಿವೆ. ಪ್ರವೇಶ ಪರೀಕ್ಷೆಯ ದಿನ ಅಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ; ಶಿಲ್ಪ ವಿಭಾಗದ ಅಂಗಳವನ್ನು ಅವರು ಕಣ್ಣಾರೆ ನೋಡಲಿ, ಮೇಷ್ಟರನ್ನು ಪಗಾರದ ಪ್ರಶ್ನೆ ಅವರೇ ಕೇಳಲಿ.